ಕರಾರಿನಲ್ಲಿ ಅಜ್ಜಿಯ ಹೆಸರಿಲ್ಲ

ಮಳವಳ್ಳಿ ತಾಲ್ಲೂಕಿನ ನಮ್ಮೂರಿನಲ್ಲಿ ನನ್ನ ಅಜ್ಜಿಗೆ ಎರಡು ಕಡೆಯಿಂದ ದುಡ್ಡು ಬರಬೇಕು. ಸಂಧ್ಯಾ ಸುರಕ್ಷಾ ಯೋಜನೆಯ 1,200 ರೂಪಾಯಿ, ಮನೆಯ ಯಜಮಾನಿ ಎಂಬ ಲೆಕ್ಕದಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ. ಯಾವ ತಾರೀಖಿಗೆ ಬರುತ್ತೆ ಅಂತ ಕೇಳಿದರೆ ಅಜ್ಜಿ ಮೇಲಕ್ಕೆ ಕೈ ತೋರಿಸುತ್ತಾಳೆ. ಡೈರಿಯವರು ಕೊಟ್ಟ ಹಾಲಿನ ಪುಸ್ತಕದ ಕೊನೆ ಹಾಳೆಯಲ್ಲಿ, ಬಂದ ತಿಂಗಳಿಗೆ ಒಂದು ಗೀಟು, ಬಾರದ ತಿಂಗಳಿಗೆ ಒಂದು ಸೊನ್ನೆ ಅಂತ ನನ್ನ ಕೈಲಿ ಹಾಕಿಸಿಟ್ಟುಕೊಂಡಿದ್ದಾಳೆ. "ಡೈರಿಯೋರು ಅರ್ಧ ಲೀಟ್ರು ಹಾಲ್ಗೂ ಬರ್ದ್ ಕೊಡ್ತಾರೆ. ಸರ್ಕಾರದ ಬಾಕಿಯ ಯಾರು ಬರ್ದು ಮಡೀಕಂಡವ್ರೆ ಮೊಗ?" ಅನ್ನುವುದು ಅವಳ ಪ್ರಶ್ನೆ.

ಕಳೆದ ಸಲ ಊರಿಗೆ ಹೋದಾಗ ಅವಳನ್ನು ಹಣ ತೆಗೆಯುವ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದೆ. ದುಡ್ಡು ಬಂದಿದೆಯೋ ಇಲ್ಲವೋ ಅಂತ ತಿಳಿಯುವುದಕ್ಕೂ ಎಬ್ಬೆಟ್ಟು ಒತ್ತಬೇಕು. ಐವತ್ತು ವರ್ಷ ಕಬ್ಬಿನ ಸೋಗೆ, ರಾಗಿ ಹೊಲದ ಕಳೆ, ಮುಸುರೆ ಪಾತ್ರೆ ಇವುಗಳಲ್ಲಿ ಸವೆದ ಎಬ್ಬೆಟ್ಟು ಅದು. ಮೂರು ಸಲ ಮಿಷಿನ್ನು ಒಪ್ಪಲಿಲ್ಲ. "ಅಜ್ಜಿ, ಕೈಯ ಸೆರಗ್ಗೆ ಒರೆಸ್ಕಂಡು ಇನ್ನೊಂದ್ ಸಲ ಮಡಗಿ" ಅಂದ ಹುಡುಗ. ನಾಲ್ಕನೇ ಸಲಕ್ಕೆ ಒಪ್ಪಿತು. 1,200ರಲ್ಲಿ 1,180 ಎಣಿಸಿ ಕೊಟ್ಟ. ಇಪ್ಪತ್ತು ಯಾಕಪ್ಪ ಅಂದರೆ "ಮಿಷಿನ್ ಚಾರ್ಜು ಅಣ್ಣ" ಅಂದ. ನಾನು ಜಗಳಕ್ಕೆ ನಿಂತೆ. ಅಜ್ಜಿ ನನ್ನ ತೋಳು ಹಿಡಿದು ಎಳೆದಳು: "ಬುಡ್ಲಾ, ಅವ್ನೂ ಬದುಕ್ಬೇಕಲ್ವ."

ಆ ಇಪ್ಪತ್ತು ರೂಪಾಯಿಯ ಬಗ್ಗೆಯೇ ಈ ಬರಹ. ಆ ಹುಡುಗನನ್ನು ಬೈಯಲು ಬರೆಯುತ್ತಿಲ್ಲ. ಅಜ್ಜಿ ಹೇಳಿದ್ದು ಸರಿ, ಅವನೂ ಬದುಕಬೇಕು. ಆದರೆ ಅವನು ಬದುಕುವ ಖರ್ಚನ್ನು ಅಜ್ಜಿಯ ಮಾಸಾಶನದಿಂದ ಕಿತ್ತುಕೊಳ್ಳಬೇಕು ಅಂತ ತೀರ್ಮಾನಿಸಿದವರು ಯಾರು? ಬಾಯಿಬಿಟ್ಟು ಯಾರೂ ಹಾಗೆ ಹೇಳಿಲ್ಲ. ಕರಾರುಗಳನ್ನು ಬರೆದ ರೀತಿಯೇ ಅದನ್ನು ತೀರ್ಮಾನಿಸಿದೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಗಾದೆ ನಮಗೆಲ್ಲ ಗೊತ್ತು. ನೇರ ನಗದು ವರ್ಗಾವಣೆ ಬಂದಾಗ ನಮಗೆ ಹೇಳಿದ್ದು, ಇನ್ನು ಪೂಜಾರಿಯೇ ಇರುವುದಿಲ್ಲ, ದೇವರು ಸೀದಾ ನಿಮ್ಮ ಖಾತೆಗೆ ಬರುತ್ತಾನೆ ಅಂತ. ಈಗ ಎಣಿಸಿ ನೋಡೋಣ. ಅರ್ಜಿ ಹಾಕಲು ಗ್ರಾಮ ಒನ್ ಅಥವಾ ಬಾಪೂಜಿ ಸೇವಾ ಕೇಂದ್ರ. ಗ್ರಾಮ ಒನ್ ನಡೆಸುವವರು ಸರ್ಕಾರಿ ನೌಕರರಲ್ಲ, ಕೈಯಿಂದ ಬಂಡವಾಳ ಹಾಕಿ ಕೂತ ಫ್ರಾಂಚೈಸಿಗಳು. ಹಣ ಹೊರಡುವುದು ಖಜಾನೆಯಿಂದ. ಅಲ್ಲಿಂದ ಸರ್ಕಾರದ ಬ್ಯಾಂಕು. ಆಮೇಲೆ ಎನ್‌ಪಿಸಿಐ ಎಂಬ ಸಂಸ್ಥೆಯ ಆಧಾರ್ ಸೇತುವೆ. ಆಮೇಲೆ ಅಜ್ಜಿಯ ಬ್ಯಾಂಕು. ಆ ಬ್ಯಾಂಕಿನ ಶಾಖೆ ದೂರ, ಹಾಗಾಗಿ ಹಳ್ಳಿಯಲ್ಲಿ ಬ್ಯಾಂಕ್ ಮಿತ್ರ. ಬ್ಯಾಂಕು ಮತ್ತು ಆ ಮಿತ್ರನ ನಡುವೆ ಎಷ್ಟೋ ಕಡೆ ಇನ್ನೊಂದು ಕಂಪನಿ. ಭಾರತೀಯ ರಿಸರ್ವ್ ಬ್ಯಾಂಕು ಇಂಥ ಪ್ರತಿನಿಧಿಗಳಿಗೆ ಮೊದಲು ಅನುಮತಿ ಕೊಟ್ಟಿದ್ದು 2006ರ ಜನವರಿಯಲ್ಲಿ. ಒಬ್ಬ ಪೋಸ್ಟ್‌ಮ್ಯಾನ್ ಇದ್ದ ಜಾಗದಲ್ಲಿ ಐದಾರು ಮಂದಿ ನಿಂತಿದ್ದಾರೆ. ಪ್ರತಿ ಇಬ್ಬರ ನಡುವೆ ಒಂದು ಕರಾರು ಇದೆ. ಅಜ್ಜಿಯ ಹೆಸರು ಒಂದರಲ್ಲೂ ಇಲ್ಲ.

ಕಾಸಿನ ಲೆಕ್ಕ ನೋಡಿ. ಸಂಧ್ಯಾ ಸುರಕ್ಷಾ 2007ರಲ್ಲಿ ಶುರುವಾದಾಗ ತಿಂಗಳಿಗೆ 400 ರೂಪಾಯಿ. ಮನಿಆರ್ಡರ್ ಕಮಿಷನ್ ಶೇ. 5, ಅಂದರೆ 400ಕ್ಕೆ 20 ರೂಪಾಯಿ. ಅದನ್ನು ಅಂಚೆ ಇಲಾಖೆಗೆ ಕೊಡುತ್ತಿದ್ದದ್ದು ಸರ್ಕಾರ. 2012ರಲ್ಲಿ ನಂದನ್ ನಿಲೇಕಣಿ ಅಧ್ಯಕ್ಷತೆಯ ಕಾರ್ಯಪಡೆ, ಹಳ್ಳಿಯ ಕೊನೆ ಮನೆಗೆ ಹಣ ಮುಟ್ಟಿಸುವ ಕೆಲಸಕ್ಕೆ ಶೇ. 3.14 ಶುಲ್ಕ ಕೊಡಬೇಕು, ಅದು 20 ರೂಪಾಯಿ ಮೀರಬಾರದು ಅಂತ ಶಿಫಾರಸು ಮಾಡಿತು. ಈಗ ಆಧಾರ್ ಬೆರಳಚ್ಚಿನಿಂದ ಹಣ ತೆಗೆದರೆ ಒಂದು ಬ್ಯಾಂಕು ಇನ್ನೊಂದು ಬ್ಯಾಂಕಿಗೆ ಕೊಡುವ ಶುಲ್ಕ ಶೇ. 0.5, ಗರಿಷ್ಠ 15 ರೂಪಾಯಿ. ಅಜ್ಜಿಯ 1,200ಕ್ಕೆ ಆರು ರೂಪಾಯಿ. ಆ ಆರರಲ್ಲಿ ಬ್ಯಾಂಕಿಗೊಂದು ಪಾಲು, ನಡುವಿನ ಕಂಪನಿಗೊಂದು ಪಾಲು. ಉಳಿದದ್ದು ಹುಡುಗನಿಗೆ. ಮಿಷಿನ್ನು, ಇಂಟರ್‌ನೆಟ್ಟು, ಅಂಗಡಿ ಬಾಡಿಗೆ, ಕರೆಂಟು ಎಲ್ಲವನ್ನೂ ಅವನೇ ಭರಿಸಬೇಕು. ಬ್ಯಾಂಕಿನ ಪ್ರತಿನಿಧಿ ಗ್ರಾಹಕರಿಂದ ನೇರವಾಗಿ ಕಾಸು ಕೀಳಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ನಿಯಮವೇನೋ ಸರಿ. ಆದರೆ ಮೂರು ನಾಲ್ಕು ರೂಪಾಯಿಗೆ ನಾಲ್ಕು ಸಲ ಎಬ್ಬೆಟ್ಟು ಒತ್ತಿಸಿ, ನೋಟು ಎಣಿಸಿ, ಮುದುಕಿಗೆ ಸಮಾಧಾನ ಹೇಳಿ ಕಳಿಸುವ ಕೆಲಸ ಯಾರಿಂದಲೂ ನಡೆಯುವುದಿಲ್ಲ ಅನ್ನುವುದು ಆ ನಿಯಮ ಬರೆದವರಿಗೂ ಗೊತ್ತಿರಬೇಕು. ಅಂದು ಸರ್ಕಾರ ಕೊಡುತ್ತಿದ್ದ ಇಪ್ಪತ್ತನ್ನು ಇಂದು ಅಜ್ಜಿ ಕೊಡುತ್ತಿದ್ದಾಳೆ. ಇದನ್ನೇ ಕಾಗದದ ಮೇಲೆ ದಕ್ಷತೆ ಅನ್ನುತ್ತಾರೆ, ಉಳಿತಾಯ ಅನ್ನುತ್ತಾರೆ.

ಸರ್ಕಾರ ಏನನ್ನಾದರೂ ಕೊಳ್ಳಬೇಕಾದರೆ ಕಾನೂನು ಇದೆಯಲ್ಲ ಅಂತ ಕೇಳಬಹುದು. ಇದೆ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, 1999. ಕಚೇರಿಗಳಲ್ಲಿ ಕೆಟಿಪಿಪಿ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಕೆಟ್ಟ ಕಾನೂನಲ್ಲ. ಟೆಂಡರ್ ಪ್ರಕಟಿಸಬೇಕು, ಎಲ್ಲರಿಗೂ ಸಮಾನ ಅವಕಾಶ ಇರಬೇಕು, ಪರಿಶೀಲನಾ ಸಮಿತಿ ನೋಡಬೇಕು, ಮೇಲ್ಮನವಿಗೆ ಅವಕಾಶ ಕೊಡಬೇಕು ಅನ್ನುತ್ತದೆ. ರಸ್ತೆ, ಕಟ್ಟಡ, ಕುರ್ಚಿ, ಕಂಪ್ಯೂಟರ್ ಕೊಳ್ಳುವಾಗ ಇದು ಸಾಕು. ರಸ್ತೆ ಕಿತ್ತುಹೋದರೆ ಊರೆಲ್ಲ ನೋಡುತ್ತದೆ. ಆದರೆ ಹಣ ಮುಟ್ಟಿಸುವ ಸೇವೆ ಕಿತ್ತುಹೋದರೆ ಅದು ಕಾಣುವುದು ಒಬ್ಬೊಬ್ಬ ಅಜ್ಜಿಗೆ, ಒಬ್ಬೊಬ್ಬಳಿಗೇ, ಅವಳ ಮನೆಯೊಳಗೆ.

ಈ ಕಾನೂನಿನ ಕಣ್ಣಿಗೆ ಬೀಳುವುದು ಇಬ್ಬರೇ: ಕೊಳ್ಳುವ ಸರ್ಕಾರ, ಮಾರುವ ಗುತ್ತಿಗೆದಾರ. ಕಡಿಮೆ ದರ ಕೂಗಿದವನು ಎಲ್-1, ಅವನಿಗೆ ಕೆಲಸ. ಎಬ್ಬೆಟ್ಟು ಬೀಳದಿದ್ದರೆ ಏನು, ಸರ್ವರ್ ಮಲಗಿದ ದಿನ ಬಸ್ಸು ಹಿಡಿದು ಬಂದವಳ ಕೂಲಿ ಯಾರು ಕೊಡುತ್ತಾರೆ ಎಂಬುದು ಆ ದರದೊಳಗೆ ಸೇರುವುದಿಲ್ಲ. ಸೇರದ ಖರ್ಚು ಮಾಯವಾಗುವುದೂ ಇಲ್ಲ, ಕೆಳಕ್ಕೆ ಇಳಿಯುತ್ತದೆ. ಟೆಂಡರ್ ಆದೇಶದ ವಿರುದ್ಧ ಮೇಲ್ಮನವಿ ಹೋಗುವವನು ಸೋತ ಗುತ್ತಿಗೆದಾರ. ಹಣ ಸಿಗದ ಫಲಾನುಭವಿ ಅಲ್ಲಿಗೆ ಹೋಗಿದ್ದನ್ನು ನಾನಂತೂ ಕೇಳಿಲ್ಲ. ಜೊತೆಗೆ ನಾಲ್ಕನೇ ಕಲಮಿನ 'ಜಿ' ಉಪಕಲಮು ಇದೆ: ಸರ್ಕಾರ ಅಧಿಸೂಚನೆ ಹೊರಡಿಸಿ ನಿರ್ದಿಷ್ಟ ಖರೀದಿಯನ್ನು ಟೆಂಡರಿನಿಂದಲೇ ಹೊರಗಿಡಬಹುದು. ಪತ್ರಿಕೆ ಓದುವವರಿಗೆ '4ಜಿ ವಿನಾಯಿತಿ' ಹೊಸ ಮಾತಲ್ಲ. ಇನ್ನು ಬ್ಯಾಂಕು ತನ್ನ ಪ್ರತಿನಿಧಿ ಕಂಪನಿಯನ್ನು ಆರಿಸಿಕೊಳ್ಳುವುದಕ್ಕೆ ರಾಜ್ಯದ ಈ ಕಾಯ್ದೆ ಅನ್ವಯಿಸುವುದೇ ಇಲ್ಲ. ಅಂದರೆ ಅಜ್ಜಿಯ ಕೈಗೆ ಹಣ ಬೀಳುವ ಕೊನೆಯ ಮೆಟ್ಟಿಲಿನಲ್ಲಿ ನಮ್ಮ ಪಾರದರ್ಶಕತೆ ಕಾಯ್ದೆಯ ದೀಪ ಉರಿಯುವುದಿಲ್ಲ.

ಈ ಕರಾರಿನ ಪ್ರತಿ ಎಲ್ಲಿ ಸಿಗುತ್ತದೆ ಅಂತ ಮಂಡ್ಯದ ಒಂದು ಕಚೇರಿಯಲ್ಲಿ ಕೇಳಿದೆ. ಒಳ್ಳೆಯ ಮನುಷ್ಯ, ಕೂರಿಸಿ ಮಾತಾಡಿದರು. "ಅದೆಲ್ಲ ಬೆಂಗಳೂರಲ್ಲಿ ಆಗೋದು ಸಾರ್. ನಮಗೆ ಬರೋದು ಪಟ್ಟಿ ಮಾತ್ರ" ಅಂದರು. ಜಿಲ್ಲೆಯ ಏಳು ತಾಲ್ಲೂಕಿನ ಹೆಂಗಸರ ಹಣ ಯಾವ ಷರತ್ತಿನ ಮೇಲೆ ಓಡಾಡುತ್ತಿದೆ ಎಂಬ ಕಾಗದ ಜಿಲ್ಲಾ ಕೇಂದ್ರದ ಆ ಮೇಜಿನ ಮೇಲೆ ಇರಲಿಲ್ಲ.

ಈಗ ಗಡಿಯಾರದ ವಿಷಯಕ್ಕೆ ಬರೋಣ. ಮಂಡ್ಯದವರಿಗೆ ಬಾಕಿ ಹಣ ಕಾಯುವುದು ಹೊಸದಲ್ಲ. ಕಬ್ಬಿನ ಬಿಲ್ಲು ಕಾದೇ ಈ ಜಿಲ್ಲೆಯ ತಲೆಮಾರುಗಳು ನರೆತಿವೆ. ಆದರೂ ಕಬ್ಬು ಬೆಳೆಗಾರನ ಪರ 1966ರ ಕಬ್ಬು ನಿಯಂತ್ರಣ ಆದೇಶದಲ್ಲಿ ಒಂದು ಸಾಲು ಇದೆ: ಕಬ್ಬು ಸರಬರಾಜಾದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ. ಕಾರ್ಖಾನೆಗಳು ಅದನ್ನು ಪಾಲಿಸದೆ ಇದ್ದಾಗ ರೈತ ರಸ್ತೆಗೆ ಇಳಿದು, ಆ ಸಾಲನ್ನು ಹಿಡಿದು ಕೇಳಲು ಸಾಧ್ಯವಾಯಿತು. 2005ರ ಉದ್ಯೋಗ ಖಾತ್ರಿ ಕಾಯ್ದೆ ಕೂಲಿಗೆ 15 ದಿನದ ಗಡುವು ಹಾಕಿತು, ಆಮೇಲಿನ ಪ್ರತಿ ದಿನಕ್ಕೆ ಶೇ. 0.05 ಪರಿಹಾರ ಅಂದಿತು. 2006ರ ಸಣ್ಣ ಉದ್ಯಮಗಳ ಕಾಯ್ದೆಯಲ್ಲಿ, ಸರಕು ಅಥವಾ ಸೇವೆ ಕೊಟ್ಟ ಸಣ್ಣ ಉದ್ಯಮಿಗೆ 45 ದಿನದೊಳಗೆ ಹಣ ಬರದಿದ್ದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನಮ್ಮದೇ 2011ರ ಸಕಾಲ ಕಾಯ್ದೆಯಡಿ ಅಧಿಕಾರಿ ತಡಮಾಡಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ. ಆದರೆ ಮಾಸಾಶನದ ವಿಷಯದಲ್ಲಿ ಸಕಾಲದ ಗಡಿಯಾರ ಓಡುವುದು ಮಂಜೂರಾತಿ ಪತ್ರದವರೆಗೆ. ಪತ್ರ ಕೈಗೆ ಬಂದ ಮೇಲೆ ಪ್ರತಿ ತಿಂಗಳು ಹಣ ಬರಬೇಕಾದದ್ದಕ್ಕೆ ಗಡಿಯಾರವೇ ಇಲ್ಲ.

ಒಮ್ಮೆ ಸಾಲಾಗಿ ಇಟ್ಟು ನೋಡಿ. ಕಬ್ಬು ಬೆಳೆದವನಿಗೆ ದಿನ ಇದೆ, ಕೂಲಿ ಮಾಡಿದವನಿಗೆ ದಿನ ಇದೆ. ಅಜ್ಜಿಯ ಹಣ ಮುಟ್ಟಿಸುವ ಕಂಪನಿ ಸಣ್ಣ ಉದ್ಯಮವಾಗಿ ನೋಂದಾಯಿಸಿಕೊಂಡಿದ್ದರೆ ಅದಕ್ಕೆ ಚಕ್ರಬಡ್ಡಿಯೂ ಇದೆ. ಅಜ್ಜಿಗೆ ಮಾತ್ರ ದಿನವೂ ಇಲ್ಲ, ಬಡ್ಡಿಯೂ ಇಲ್ಲ. ಗೃಹಲಕ್ಷ್ಮಿಯ 2025ರ ಫೆಬ್ರುವರಿ ಮತ್ತು ಮಾರ್ಚ್ ಕಂತು ಬಂದಿದೆಯೋ ಇಲ್ಲವೋ ಅನ್ನುವುದೇ ಆ ವರ್ಷದ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ವಾದವಾಯಿತು, ಕೊನೆಗೆ ಸಚಿವರು ವಿಷಾದ ವ್ಯಕ್ತಪಡಿಸಬೇಕಾಯಿತು. ಒಂದು ಕೋಟಿಗೂ ಹೆಚ್ಚು ಹೆಂಗಸರಿಗೆ ಹೋಗುವ ಹಣದ ಲೆಕ್ಕ ಸದನಕ್ಕೆ ತಿಳಿಯಲು ಒಂಬತ್ತು ತಿಂಗಳು ಬೇಕಾಯಿತು. ನಮ್ಮಜ್ಜಿಯ ಹಾಲಿನ ಪುಸ್ತಕ ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ಬೇರೆ ದೇಶದಲ್ಲಿ ಈ ಪ್ರಶ್ನೆ ನ್ಯಾಯಾಲಯದವರೆಗೆ ಹೋಗಿದೆ. ದಕ್ಷಿಣ ಆಫ್ರಿಕಾದಲ್ಲಿ ವೃದ್ಧರು, ಮಕ್ಕಳು, ಅಂಗವಿಕಲರ ಸಹಾಯಧನ ಹಂಚುವ ಗುತ್ತಿಗೆ 2012ರಲ್ಲಿ ಒಂದೇ ಕಂಪನಿಗೆ ಹೋಯಿತು. ಹೆಸರು ಸಿಪಿಎಸ್. ತಲೆಗೆ ತಿಂಗಳಿಗೆ 16 ರ‍್ಯಾಂಡ್ 44 ಸೆಂಟ್ ಶುಲ್ಕ. ಬೆರಳಚ್ಚಿನ ಪರಿಶೀಲನೆ ಇದ್ದರೆ ಒಳ್ಳೆಯದು ಅಂತ ಇದ್ದ ಷರತ್ತು, ಟೆಂಡರಿನ ನಡುವೆ ಹೊರಟ ಒಂದು ಅಸ್ಪಷ್ಟ ಸೂಚನೆಯಿಂದ, ಇರಲೇಬೇಕು ಅಂತ ಆಯಿತು. ಸೋತ ಕಂಪನಿ ಕೋರ್ಟಿಗೆ ಹೋಯಿತು. 2013ರ ನವೆಂಬರಿನಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಆ ಗುತ್ತಿಗೆ ಕಾನೂನುಬಾಹಿರ ಅಂದಿತು. ಆದರೆ ಅವತ್ತೇ ರದ್ದು ಮಾಡಿದರೆ ಕೋಟ್ಯಂತರ ಜನರ ಒಲೆ ಆರುತ್ತದೆ. ಹಾಗಾಗಿ 2014ರಲ್ಲಿ ನ್ಯಾಯಾಲಯ, ಹೊಸ ವ್ಯವಸ್ಥೆ ಆಗುವವರೆಗೆ ಈ ಕಂಪನಿ ಕೆಲಸ ಬಿಟ್ಟು ಹೋಗುವಂತಿಲ್ಲ, ಜನರ ಸಾಂವಿಧಾನಿಕ ಹಕ್ಕು ಈಡೇರಿಸುವ ಹೊಣೆ ಹೊತ್ತಿರುವುದರಿಂದ ಅದಕ್ಕೂ ಸಾಂವಿಧಾನಿಕ ಕರ್ತವ್ಯ ಇದೆ ಅಂತ ಹೇಳಿತು.

ಅಷ್ಟರಲ್ಲಿ ಫಲಾನುಭವಿಗಳ ಖಾತೆಯಿಂದ ಮೊಬೈಲ್ ಕರೆನ್ಸಿ, ಸಾಲದ ಕಂತು, ಶವಸಂಸ್ಕಾರದ ವಿಮೆ ಅಂತ ಹಣ ಕಡಿತವಾಗತೊಡಗಿತ್ತು. 'ಬ್ಲ್ಯಾಕ್ ಸ್ಯಾಶ್' ಎಂಬ ಹಳೆಯ ಮಹಿಳಾ ಸಂಘಟನೆ ನಮ್ಮ ಸಹಾಯಧನದ ಮೇಲೆ ಕೈ ಹಾಕಬೇಡಿ ಅಂತ ಚಳವಳಿ ಹೂಡಿತು. ಸರ್ಕಾರ ಬೇರೆ ವ್ಯವಸ್ಥೆ ಮಾಡದೆ ಕಾಲ ತಳ್ಳಿ, 2017ರ ಮಾರ್ಚಿನಲ್ಲಿ ನ್ಯಾಯಾಲಯವೇ ಆ ಅಕ್ರಮ ಗುತ್ತಿಗೆಯನ್ನು ಒಂದು ವರ್ಷ ಮುಂದುವರಿಸಬೇಕಾಯಿತು. 2018ರಲ್ಲಿ ಅದೇ ನ್ಯಾಯಾಲಯ, ಸಂಬಂಧಪಟ್ಟಿದ್ದ ಸಚಿವೆ ಬತಬಿಲೆ ಡ್ಲಾಮಿನಿ ಕೋರ್ಟ್ ಖರ್ಚಿನ ಶೇ. 20ರಷ್ಟನ್ನು ಸ್ವಂತ ಕಿಸೆಯಿಂದ ಕೊಡಬೇಕು ಅಂತ ಆದೇಶಿಸಿತು. ಮುಂದೆ ಹಣ ಹಂಚುವ ಕೆಲಸಕ್ಕೆ ಬಂದದ್ದು ಅಂಚೆ ಕಚೇರಿ. ಈ ಕಥೆಯಲ್ಲಿ ನನಗೆ ಮುಖ್ಯ ಅನಿಸಿದ್ದು 2014ರ ಮಾತು. ಬಡವರ ಹಣ ಹಂಚುವ ಗುತ್ತಿಗೆ ಹಿಡಿದವನು ಕುರ್ಚಿ ಮಾರಿದವನ ಹಾಗಲ್ಲ, ಅವನ ಹೊಣೆ ಸರ್ಕಾರಕ್ಕೆ ಮಾತ್ರವಲ್ಲ, ಹಣ ಪಡೆಯುವವರಿಗೂ ಸಲ್ಲಬೇಕು.

ನಮ್ಮಲ್ಲೂ ಎಚ್ಚರಿಕೆಯ ಗಂಟೆ ಹೊಡೆದಿದೆ. 2017ರಲ್ಲಿ ಮೊಬೈಲ್ ಸಿಮ್ಮಿಗೆ ಆಧಾರ್ ಜೋಡಿಸಲು ಹೋದವರ ಹೆಸರಿನಲ್ಲಿ, ಅವರಿಗೆ ಸರಿಯಾಗಿ ತಿಳಿಸದೆ ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕಿನಲ್ಲಿ ಖಾತೆ ತೆರೆದು, ಅಡುಗೆ ಅನಿಲದ ಸಬ್ಸಿಡಿ ಅಲ್ಲಿಗೆ ಹೋಗಿ ಬಿದ್ದಿತ್ತು. ಆಧಾರ್ ಪ್ರಾಧಿಕಾರ ಆ ಡಿಸೆಂಬರಿನಲ್ಲಿ ಆ ಸಂಸ್ಥೆಯ ಇ-ಕೆವೈಸಿ ಪರವಾನಗಿಯನ್ನು ಅಮಾನತಿನಲ್ಲಿಟ್ಟಿತು. ಕೊನೆಯದಾಗಿ ಯಾವ ಖಾತೆಗೆ ಆಧಾರ್ ಜೋಡಣೆಯಾಗಿದೆಯೋ ಹಣ ಅಲ್ಲಿಗೆ ಹರಿಯುತ್ತದೆ. ನಾಲೆಯ ತೂಬು ಎತ್ತಿದವನ ಗದ್ದೆಗೆ ನೀರು ಅನ್ನುವುದು ವಿಶ್ವೇಶ್ವರಯ್ಯ ನಾಲೆಯ ಬಯಲಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಬೇರೆ ದಾರಿ ಇದೆಯೇ? ಇದೆ. ಅದು ದಿನಾ ನಮ್ಮ ಕಣ್ಣೆದುರೇ ಓಡಾಡುತ್ತದೆ. ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ಸರ್ಕಾರಿ ಬಸ್ಸು ಹತ್ತಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ನಡೆಯುತ್ತಿದೆ. ಹೆಂಗಸು ಗುರುತಿನ ಚೀಟಿ ತೋರಿಸುತ್ತಾಳೆ, ಕಂಡಕ್ಟರು ಶೂನ್ಯ ಟಿಕೆಟ್ ಹರಿದು ಕೊಡುತ್ತಾನೆ. ಎಬ್ಬೆಟ್ಟಿಲ್ಲ, ಸರ್ವರಿಲ್ಲ, ಮಿಷಿನ್ ಚಾರ್ಜಿಲ್ಲ. ಎಷ್ಟು ಟಿಕೆಟ್ ಕೊಟ್ಟೆವು ಅಂತ ಲೆಕ್ಕ ಹಾಕಿ ಸರ್ಕಾರದ ಹತ್ತಿರ ಹಣ ಕೇಳುವುದು ಸಾರಿಗೆ ನಿಗಮದ ಕೆಲಸ. ಸರ್ಕಾರ ತಡಮಾಡಿದರೆ ಅದು ಸರ್ಕಾರ ಮತ್ತು ನಿಗಮದ ನಡುವಿನ ಜಗಳ. ಮದ್ದೂರಿನ ಸ್ಟ್ಯಾಂಡಿನಲ್ಲಿ ಇಳಿಯುವ ಹೆಂಗಸಿಗೆ ಆ ಜಗಳ ತಟ್ಟುವುದಿಲ್ಲ, ಅವಳ ಪ್ರಯಾಣ ಅವತ್ತೇ ಮುಗಿದಿರುತ್ತದೆ. ಗೃಹಲಕ್ಷ್ಮಿಯಲ್ಲಿ ಇದು ತಿರುಗುಮುರುಗು. ಎಲ್ಲಿ ತಡವಾದರೂ, ಯಾರ ಕಡತ ನಿಂತರೂ ಕಾಯುವವಳು ಅವಳೇ. ಒಂದರಲ್ಲಿ ತಡದ ಭಾರ ಸಂಸ್ಥೆಯ ಹೆಗಲ ಮೇಲೆ, ಇನ್ನೊಂದರಲ್ಲಿ ಹೆಂಗಸಿನ ಹೆಗಲ ಮೇಲೆ. ಎರಡೂ ಒಂದೇ ಸರ್ಕಾರದ ಯೋಜನೆಗಳು. ವ್ಯತ್ಯಾಸ ಇರುವುದು ಭಾರವನ್ನು ಯಾರ ತಲೆಗೆ ಕಟ್ಟಿದ್ದಾರೆ ಅನ್ನುವುದರಲ್ಲಿ. ಅದೇ ಮದ್ದೂರಿನ ಬಸ್ಸಿನಲ್ಲಿ, ಬಾರದ ಕಂತು ವಿಚಾರಿಸಲು ಉಚಿತ ಟಿಕೆಟಿನಲ್ಲಿ ಕಚೇರಿಯಿಂದ ಕಚೇರಿಗೆ ಅಲೆಯುವ ಹೆಂಗಸರನ್ನು ನಾನು ಕಂಡಿದ್ದೇನೆ.

ಇಷ್ಟು ಹೇಳಿದ ಕೂಡಲೇ ಎರಡು ಮಾತು ಬರುತ್ತವೆ. ಒಂದು, ಬಿಟ್ಟಿ ಸಿಗುವುದಕ್ಕೆ ಇಷ್ಟೊಂದು ದೂರೇ ಅಂತ. ಬಿಟ್ಟಿ ಅನ್ನುವ ಮಾತು ಅಜ್ಜಿಯ ಬೆನ್ನು ನೋಡದವರದ್ದು. ಇರಲಿ, ನೀವು ಯೋಜನೆಯನ್ನೇ ವಿರೋಧಿಸುವವರಾದರೂ ಸರಿ, ಸದನ ಒಪ್ಪಿ ಬಜೆಟ್ಟಿನಲ್ಲಿ ಇಟ್ಟ ಹಣ ನಡುದಾರಿಯಲ್ಲಿ ಸೋರುವುದನ್ನು ಒಪ್ಪಲಾರಿರಿ. ಎರಡನೆಯದು, ಮನಿಆರ್ಡರ್ ಕಾಲ ಚೆನ್ನಾಗಿತ್ತೇ ಅಂತ. ಇರಲಿಲ್ಲ. ಆಗಲೂ ಕಾಫಿ ಕಾಸು ಕೇಳುವವರಿದ್ದರು, ಎರಡು ಮೂರು ತಿಂಗಳು ಒಟ್ಟಿಗೆ ಬರುತ್ತಿತ್ತು. ಆ ಕಾಲವನ್ನು ವಾಪಸ್ಸು ಕೊಡಿ ಅಂತ ನಾನು ಕೇಳುತ್ತಿಲ್ಲ. ಖಾತೆಗೆ ಹಣ ಬರುವುದು ಒಳ್ಳೆಯದೇ, ಅವಳ ಹೆಸರಿನಲ್ಲಿ ಬರುವುದು ಇನ್ನೂ ಒಳ್ಳೆಯದು. ಆದರೆ ಪೋಸ್ಟ್‌ಮ್ಯಾನ್ ತಪ್ಪು ಮಾಡಿದರೆ ಅವನ ಮುಖ ಗೊತ್ತಿತ್ತು, ಮನೆಮುಂದೆ ನಿಲ್ಲಿಸಿ ಕೇಳಬಹುದಿತ್ತು. ಈಗ ಕೇಳುವುದಕ್ಕೆ ಮುಖವೇ ಇಲ್ಲ. ಬ್ಯಾಂಕಿನವರು ಇಲಾಖೆ ಅನ್ನುತ್ತಾರೆ, ಇಲಾಖೆಯವರು ಆಧಾರ್ ಅನ್ನುತ್ತಾರೆ, ಕೇಂದ್ರದ ಹುಡುಗ ಸರ್ವರ್ ಅನ್ನುತ್ತಾನೆ.

ಹಾಗಾಗಿ ಬೇಡಿಕೆ ಸಣ್ಣದು. ಬಡವರಿಗೆ ಹಣ ಮುಟ್ಟಿಸುವ ಪ್ರತಿ ಕರಾರಿನಲ್ಲೂ, ಅದು ಟೆಂಡರಿನಿಂದ ಬಂದಿರಲಿ, 4ಜಿ ವಿನಾಯಿತಿಯಿಂದ ಬಂದಿರಲಿ, ಬ್ಯಾಂಕಿನ ಒಪ್ಪಂದವಾಗಿರಲಿ, ಹಣ ಪಡೆಯುವವರನ್ನು ಒಂದು ಪಕ್ಷವಾಗಿ ಬರೆಯಬೇಕು. ತಿಂಗಳಿನ ಯಾವ ತಾರೀಖಿನೊಳಗೆ ಹಣ ಬರಬೇಕು ಅಂತ ನಮೂದಿಸಬೇಕು. ತಪ್ಪಿದರೆ ಕಬ್ಬಿನವನಿಗೆ ಇರುವ ಹಾಗೆ ಬಡ್ಡಿ, ಅರ್ಜಿ ಇಲ್ಲದೆ ತಾನಾಗಿ ಖಾತೆಗೆ ಬೀಳಬೇಕು. ಎಬ್ಬೆಟ್ಟು ಬೀಳದಿದ್ದರೆ ಏನು ಮಾಡಬೇಕು ಅನ್ನುವುದು ಹುಡುಗನ ದಯೆಗೆ ಬಿಡದೆ ಕರಾರಿನಲ್ಲೇ ಇರಬೇಕು. ಕೊನೆಯ ಕೈಯವನಿಗೆ ಬದುಕುವಷ್ಟು ಕಮಿಷನ್ನನ್ನು ಸರ್ಕಾರವೇ ಕೊಡಬೇಕು, ಕೊಟ್ಟ ಮೇಲೂ ಅವನು ಅಜ್ಜಿಯ ಹತ್ತಿರ ಕಾಸು ಕಿತ್ತರೆ ದಂಡ ಅವನಿಗಿಂತ ಮೊದಲು ಮೇಲಿನ ಕಂಪನಿಗೆ ಬೀಳಬೇಕು. ಇಡೀ ಕರಾರು ಕನ್ನಡದಲ್ಲಿ, ಪಂಚಾಯಿತಿ ಗೋಡೆಯ ಮೇಲೆ ಇರಬೇಕು.

ಕೊನೆಯ ಮಾತು ಓದುವ ಹುಡುಗ ಹುಡುಗಿಯರಿಗೆ. ಮಾಹಿತಿ ಹಕ್ಕು ಕಾಯ್ದೆ ಬಂದು ಇಪ್ಪತ್ತು ವರ್ಷ ದಾಟಿತು. ಹತ್ತು ರೂಪಾಯಿ ಶುಲ್ಕದ ಒಂದು ಅರ್ಜಿಯಲ್ಲಿ ನಿಮ್ಮ ತಾಲ್ಲೂಕಿನ ಮಾಸಾಶನ ಯಾವ ಕರಾರಿನ ಮೇಲೆ ಬರುತ್ತಿದೆ, ತಡಕ್ಕೆ ಯಾರು ಹೊಣೆ ಅಂತ ಕೇಳಬಹುದು. ಸಾಹಿತ್ಯ ಓದುವವರಿಗೆ ಟೆಂಡರ್ ಕಾಗದ ಯಾಕೆ ಅನ್ನಬೇಡಿ. ನಮ್ಮ ಊರಿನ ಅಜ್ಜಿಯರ ಬದುಕನ್ನು ಇವತ್ತು ಬರೆಯುತ್ತಿರುವುದು ಕಾದಂಬರಿಕಾರರಿಗಿಂತ ಹೆಚ್ಚಾಗಿ ಆ ಕಾಗದಗಳು. ಅವುಗಳ ಭಾಷೆ ಒಣಗಿರಬಹುದು, ಓದಲು ಬೇಜಾರಾಗಬಹುದು. ಓದದೆ ಬಿಟ್ಟರೆ ಇಪ್ಪತ್ತು ರೂಪಾಯಿಯ ಬಾಬ್ತು ಹಾಗೇ ಮುಂದುವರಿಯುತ್ತದೆ.

ಮೊನ್ನೆ ಫೋನಿನಲ್ಲಿ ಅಜ್ಜಿ ಕೇಳಿದಳು, "ಹಾಲಿನ ಪುಸ್ತಕ ತುಂಬೋಯ್ತು ಮೊಗ, ಇನ್ನೆಲ್ಲಿ ಗೀಟು ಹಾಕ್ಸನೆ?" ಹೊಸ ಪುಸ್ತಕ ತರುತ್ತೇನೆ ಅಂದಿದ್ದೇನೆ. ಮಾಹಿತಿ ಹಕ್ಕಿನ ಅರ್ಜಿಯನ್ನೂ ಬರೆದಿಟ್ಟಿದ್ದೇನೆ. ಮುಂದಿನ ವಾರ ಎರಡನ್ನೂ ಹಿಡಿದು ಊರಿಗೆ ಹೋಗುವುದಿದೆ.